ಫೈನೆಸಿ ಕಟ್ಟಿದ ಪ್ಯಾಕು, ಒಲೆ ನುಂಗಿದ ಹೆಸರು

ಬೆಳಗಿನ ನಾಲ್ಕೂವರೆ. ಮುಸುಕಿನ ಜೋಳ ಬೀಸುವ ಗಿರಣಿಯ ಹಿಂಗೋಡೆಗೆ ಬೆನ್ನು ಕೊಟ್ಟು ಫೈನೆಸಿ ಚಾವುಲಾ ಕುಳಿತಿದ್ದಾರೆ. ಚಾರ್ಜಿಗೆ ಹಾಕಿದ ಹೆಬ್ಬೆರಳ ಗಾತ್ರದ ಸೆಲ್ಲೊಂದನ್ನು ತೆಗೆದು ಎಡಗೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಾರೆ. ಹತ್ತು ಎಣಿಸುವಷ್ಟು ಹೊತ್ತು. ಆಮೇಲೆ ಅದನ್ನು ಎಡಕ್ಕಿರುವ ಮಣ್ಣಿನ ಮಡಕೆಗೆ ಹಾಕುತ್ತಾರೆ. ಎಡಕ್ಕೆ ಹೋದದ್ದು ಕೆಲಸಕ್ಕೆ ಬಾರದ್ದು. ಗಿರಣಿ ಓಡತೊಡಗಿದರೆ ಇವರ ತಂತಿಗೆ ಕರೆಂಟು ಸಾಲುವುದಿಲ್ಲ, ಆದ್ದರಿಂದ ಪರೀಕ್ಷೆಯೆಲ್ಲ ಆರರೊಳಗೆ ಮುಗಿಯಬೇಕು.

"ಚಾರ್ಜಾಗುವಾಗ ಬಿಸಿಯಾಗೋ ಸೆಲ್ಲು, ಒಳಗೊಳಗೇ ಕೋಪ ಇಟ್ಕೊಂಡಿರೋ ಗಂಡ ಇದ್ದ ಹಾಗೆ. ಮೇಲಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ಕೆನ್ನೆ ಕೊಟ್ಟೋಳಿಗೇ ಗೊತ್ತು" ಎನ್ನುತ್ತಾರೆ. ನಗುವುದಿಲ್ಲ.

ಫೈನೆಸಿ ಕಟ್ಟುವುದು ಹಾಡಿನ ಡಬ್ಬಿಗೆ ಹೊರಗಿನಿಂದ ಜೋಡಿಸುವ ಬ್ಯಾಟರಿ ಪ್ಯಾಕು. ಉತ್ತರ ಮಲಾವಿಯ ಈ ಊರಿನಲ್ಲಿ (ಹೆಸರು ಬೇಡ ಎಂದಿದ್ದಾರೆ) ಬಸ್ಸಿನಿಂದ ಇಳಿದವರನ್ನು ಹಳ್ಳಿಗೆ ಮುಟ್ಟಿಸುವುದು ಕಬಾಜಾ, ಅಂದರೆ ಬಾಡಿಗೆ ಸೈಕಲ್ಲು. ಪ್ರತಿ ಸೈಕಲ್ಲಿನ ಹ್ಯಾಂಡಲ್ಲಿಗೂ ಮೆಮೊರಿ ಕಾರ್ಡು ಹಾಕಿದ ಒಂದು ಹಾಡಿನ ಡಬ್ಬಿ ಕಟ್ಟಿರುತ್ತದೆ. ಹಾಡಿಲ್ಲದ ಸೈಕಲ್ಲಿಗೆ ಇಲ್ಲಿ ಯಾರೂ ಹತ್ತುವುದಿಲ್ಲ. ಹತ್ತು ಮೈಲಿ ಸೈಕಲ್ಲು ತುಳಿಯುವವನ ಏದುಸಿರು ಕೇಳುತ್ತ ಕೂರುವವರು ಯಾರು? ಡಬ್ಬಿಯೊಳಗಿನ ಬ್ಯಾಟರಿ ಎರಡು ಗಂಟೆಗೆ ಕೈಕೊಡುತ್ತದೆ. ಫೈನೆಸಿಯ ಪ್ಯಾಕು ಎರಡು ದಿನ ಹಾಡಿಸುತ್ತದೆ.

ನೀರಿನ ಪೈಪಿನ ಚೋಟುದ್ದ ತುಂಡು, ಒಳಗೆ ಹಳೆಯ ಲ್ಯಾಪ್‌ಟಾಪುಗಳಿಂದ ಬಿಡಿಸಿದ ನಾಲ್ಕು ಸೆಲ್ಲು, ಕೆಟ್ಟ ಚಾರ್ಜರಿನಿಂದ ಕಿತ್ತ ಉಗುರಗಲದ ಸರ್ಕ್ಯೂಟು, ಹೊರಗೆ ಇಣುಕುವ ಒಂದು ತಂತಿ. ಕಟ್ಟಲು ಅರ್ಧ ಗಂಟೆ ಸಾಕು. ಆದರೆ ಕಟ್ಟುವ ಮುಂಚೆ ಪ್ರತಿ ಸೆಲ್ಲನ್ನೂ ತುಂಬಿಸಿ ಮೂರು ದಿನ ಸುಮ್ಮನೆ ಇಟ್ಟು ಮತ್ತೆ ಅಳೆಯುತ್ತಾರೆ. ಚಾರ್ಜು ಇಳಿದದ್ದಕ್ಕೂ, ಕೆನ್ನೆ ಸುಟ್ಟದ್ದಕ್ಕೂ ಮಡಕೆಯೇ ಗತಿ. ನೂರಕ್ಕೆ ನಲವತ್ತು ಹೀಗೆ ಹೋಗುತ್ತವೆ. ಹದಿನೇಳು ವರ್ಷದಿಂದ ಈ ಲೆಕ್ಕದಲ್ಲಿ ಅವರು ಒಂದು ಸೆಲ್ಲಿನಷ್ಟೂ ಮೋಸ ಮಾಡಿಲ್ಲ.

ಕಲಿತದ್ದು ಕಸ ಗುಡಿಸುತ್ತ. ಗಂಡ ಜೋಹಾನ್ಸ್‌ಬರ್ಗಿಗೆ ದುಡಿಯಲು ಹೋದವನು ಎರಡು ವರ್ಷ ಹಾಡು ತುಂಬಿದ ಕಾರ್ಡು ಕಳಿಸಿದ. ಆಮೇಲೆ ಅದೂ ನಿಂತಿತು. ಫೈನೆಸಿ ಮ್ಝೂಝೂ ಪಟ್ಟಣದ ಒಂದು ಕಚೇರಿಯಲ್ಲಿ ಪೊರಕೆ ಹಿಡಿದರು. ಅಲ್ಲಿ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತೆಂದು ಬುಟ್ಟಿಗೆ ಎಸೆದದ್ದನ್ನು ಮನೆಗೆ ತಂದು ಒಡೆದು ನೋಡಿದರು. "ಒಳಗೆ ಆರು ಜನ ಇದ್ರು. ಸತ್ತಿದ್ದು ಇಬ್ರೇ. ಇಬ್ರು ಸತ್ರು ಅಂತ ಆರೂ ಜನನ್ನ ಹೂಳೋದಾ?" ಎಂದು ಈಗಲೂ ಸಿಡುಕುತ್ತಾರೆ.

ಒಂದು ಕಾಲಕ್ಕೆ ತಿಂಗಳಿಗೆ ನಲವತ್ತು ಪ್ಯಾಕು ಹೋಗುತ್ತಿತ್ತು. ಅಂಗಡಿಯೂ ಬಸ್ಸು ನಿಲ್ಲುವ ಜಾಗದಲ್ಲೇ ಇತ್ತು. ಈಗ ತಿಂಗಳಿಗೆ ಒಂಬತ್ತು ಹೋದರೆ ಹೆಚ್ಚು, ಅಂಗಡಿ ಗಿರಣಿಯ ಹಿಂದೆ. ಕಾರಣ ಕೇಳಿದರೆ ಊರಿನ ಯಾರಾದರೂ ಒಂದೇ ಉಸಿರಿಗೆ ಹೇಳುತ್ತಾರೆ: ಫೈನೆಸಿಯ ಪ್ಯಾಕು ಸಿಡಿದು ಯೋತಾಮುವಿನ ಹೆಂಡತಿಯ ಕಣ್ಣು ಹೋಯಿತು.

ಯೋತಾಮು ಕಬಾಜಾದವನು, ಫೈನೆಸಿಯ ಹಳೆಯ ಗಿರಾಕಿ. ಹೆಂಡತಿ ತಿವೊಂಗೆ. ಇಬ್ಬರ ಹೆಸರನ್ನೂ ಇಲ್ಲಿ ಬದಲಿಸಲಾಗಿದೆ. ಕಳೆದ ಮಳೆಗಾಲದಲ್ಲಿ ಒಂದು ವಾರ ಬಿಸಿಲೇ ಇರಲಿಲ್ಲ, ಸೋಲಾರ್ ಹಲಗೆಯಲ್ಲಿ ಚಾರ್ಜಾಗಲಿಲ್ಲ, ಪ್ಯಾಕು ಸುಸ್ತಾಗಿತ್ತು. ಒಂದು ಸಂಜೆ ತಿವೊಂಗೆ ನ್ಸಿಮಾ ಮುದ್ದೆ ತಿರುವುತ್ತಿದ್ದಾಗ ಅದು ಸಿಡಿಯಿತು. ಬಲಗಣ್ಣು ಉಳಿಯಲಿಲ್ಲ.

ಊರ ಮುಖ್ಯಸ್ಥರ ಅಂಗಳದಲ್ಲಿ ಪಂಚಾಯಿತಿ ಸೇರಿತು. ಪ್ಯಾಕು ಚಾಪೆಯ ಮೇಲೆ ಸುಮ್ಮನೆ ಬಿದ್ದಿತ್ತು, ತಾನಾಗಿ ಸಿಡಿಯಿತು ಎಂದು ಯೋತಾಮು ಆಣೆ ಮಾಡಿದ. ಸುಟ್ಟ ಪೈಪನ್ನು ಫೈನೆಸಿಯ ಕೈಗೆ ಕೊಟ್ಟರು. ಅವರು ಅದನ್ನು ತಿರುಗಿಸಿ ನೋಡಿದರು. ಒಂದು ಮಗ್ಗುಲು ಮಾತ್ರ ಕರಗಿ ಚಪ್ಪಟೆಯಾಗಿತ್ತು. ಅದಕ್ಕೆ ಬೂದಿ ಮೆತ್ತಿತ್ತು, ಒಲೆಗಲ್ಲಿನ ಮಸಿಯೂ.

ಈ ಸೀಮೆಯಲ್ಲಿ ಟಾರ್ಚಿನ ಸೆಲ್ಲು, ರೇಡಿಯೋ ಸೆಲ್ಲು ಸೋತರೆ ಯಾರೂ ಎಸೆಯುವುದಿಲ್ಲ. ಬಿಸಿಲಿದ್ದರೆ ಸೂರಿನ ಮೇಲೆ, ಮಳೆಯಿದ್ದರೆ ಒಲೆಗಲ್ಲಿನ ಪಕ್ಕದಲ್ಲಿ ಇಡುತ್ತಾರೆ. ಮೈ ಕಾಯಿಸಿಕೊಂಡ ಸೆಲ್ಲು ಇನ್ನೊಂದು ಗಂಟೆ ಹಾಡುತ್ತದೆ. ಅಜ್ಜಿಯರ ಕಾಲದಿಂದ ನಡೆದುಬಂದದ್ದು. ಆದರೆ ಲ್ಯಾಪ್‌ಟಾಪಿನ ಸೆಲ್ಲಿಗೆ ಬೆಂಕಿಯ ಸಂಗ ಆಗದು.

"ಬೀಳಿಸಬೇಡಿ ಅಂತ ಹೇಳಿದ್ದೆ, ನೀರು ತಾಕಿಸಬೇಡಿ ಅಂತಾನೂ ಹೇಳಿದ್ದೆ. ಒಲೆ ಹತ್ರ ಇಡಬೇಡಿ ಅಂತ ಮಾತ್ರ ಒಬ್ರಿಗೂ ಹೇಳಿರ್ಲಿಲ್ಲ. ಯಾಕ್ ಹೇಳಿರ್ಲಿಲ್ಲ ಗೊತ್ತಾ? ನಾನೇ ಚಿಕ್ಕವಳಿದ್ದಾಗ ದಿನಾ ಇಡ್ತಿದ್ದೆ. ಅದೂ ಒಂದು ಹೇಳೋ ಮಾತು ಅಂತ ತೋಚಲೇ ಇಲ್ಲ" ಎನ್ನುತ್ತಾರೆ ಫೈನೆಸಿ.

ಅಂಗಳದಲ್ಲಿ ಅವರು ಒಲೆಯ ಮಾತೆತ್ತಲಿಲ್ಲ. ಬ್ಯಾಂಡೇಜು ಕಟ್ಟಿಕೊಂಡ ತಿವೊಂಗೆ ಎದುರಿಗೇ ಕೂತಿದ್ದಳು, ಪಕ್ಕದಲ್ಲಿ ಅವಳ ಅಣ್ಣಂದಿರು. ಗಂಡನೇ ಒಲೆಯ ಹತ್ತಿರ ಇಟ್ಟ ಎಂದು ಗೊತ್ತಾದರೆ ಆ ಅಣ್ಣಂದಿರು ಅವಳನ್ನು ಅಂದೇ ಕರೆದೊಯ್ಯುತ್ತಿದ್ದರು. ಇಲ್ಲಿನ ಪದ್ಧತಿಯಂತೆ ಎರಡು ಮಕ್ಕಳು ತಂದೆಯ ಮನೆಯಲ್ಲೇ ಉಳಿಯುತ್ತಿದ್ದವು. ಫೈನೆಸಿ ಪೈಪನ್ನು ಕೆಳಗಿಟ್ಟು "ತಪ್ಪಾಯ್ತು ಯಜಮಾನ್ರೇ" ಎಂದರು. ಯಾರೋ ಮಾಡಿದ್ದನ್ನು ಇನ್ಯಾರೋ ಉಣ್ಣುವುದು ಹೊಸತೇನಲ್ಲ. ಆದರೆ ಊರು ಅದನ್ನು ಎಷ್ಟು ಸಲೀಸಾಗಿ ನಂಬಿತು ಎಂಬುದು ಅವರನ್ನು ಇವತ್ತಿಗೂ ಕೊರೆಯುತ್ತದೆ. ಹದಿನೇಳು ವರ್ಷದಲ್ಲಿ ಒಂದೂ ಸಿಡಿದಿರಲಿಲ್ಲ. ಅದನ್ನು ನೆನೆಸಿದವರು ಒಬ್ಬರೂ ಇಲ್ಲ.

ಅಂದಿನಿಂದ ಒಂದು ಕಟ್ಟಲೆ. ಕೊಳ್ಳುವವರು ಮೂರು ಮಾತನ್ನು ಬಾಯಿಬಿಟ್ಟು ಹೇಳಬೇಕು. ಬೀಳಿಸಲ್ಲ. ನೀರು ತಾಕಿಸಲ್ಲ. ಒಲೆ ಹತ್ರ ಇಡಲ್ಲ. ಹೇಳದವರಿಗೆ ಪ್ಯಾಕು ಇಲ್ಲ. ಪಾದ್ರಿಯ ಮುಂದೆ ಮದುವೆಗೆ ನಿಂತ ಹಾಗಾಯಿತು ಎಂದು ಹುಡುಗರು ಗೇಲಿ ಮಾಡುತ್ತಾರೆ, ಆದರೂ ಹೇಳುತ್ತಾರೆ. ಉಳಿದವರು ಪೇಟೆಯಿಂದ ಹೊಳೆಯುವ ಪ್ಯಾಕು ತರುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ತಿಂಗಳೊಪ್ಪತ್ತಿನಲ್ಲೇ ತಿಳಿಯುತ್ತದೆ.

ಬೆಳಕು ಹರಿಯುವ ಹೊತ್ತಿಗೆ ಇಬ್ಬರು ಕಬಾಜಾದವರು ಬಂದು ಸೈಕಲ್ಲಿಗೆ ಒರಗಿ ನಿಂತಿದ್ದಾರೆ. ಅವರ ಹಿಂದೆ ಇನ್ನೊಂದು ಸೈಕಲ್ಲು, ಸದ್ದಿಲ್ಲದ್ದು. ಯೋತಾಮು. ಎಂಟು ತಿಂಗಳಲ್ಲಿ ಮೊದಲ ಸಲ ಇತ್ತ ಕಾಲಿಟ್ಟಿದ್ದಾನೆ. ಪೇಟೆಯ ಪ್ಯಾಕೊಂದನ್ನು ಫೈನೆಸಿಯ ಮುಂದಿನ ಹಲಗೆಯ ಮೇಲೆ ಇಡುತ್ತಾನೆ. ಫೈನೆಸಿ ಚಾಕುವಿನಿಂದ ಅದರ ಹೊಟ್ಟೆ ಬಿಚ್ಚುತ್ತಾರೆ. ಒಳಗಿರುವುದು ಒಂದೇ ಒಂದು ಸೆಲ್ಲು. ಮಿಕ್ಕ ಜಾಗದಲ್ಲಿ, ತೂಕ ಬರಲೆಂದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮರಳು.

"ಏನಪ್ಪಾ ಯೋತಾಮು, ಮನೆ ಕಟ್ತಿದೀಯಾ? ಮರಳು ಹೊತ್ಕೊಂಡು ತಿರುಗ್ತಿದೀಯಲ್ಲ!" ಎಂದು ಜೊತೆಯವನೊಬ್ಬ ಕುಟುಕುತ್ತಾನೆ.

"ಒಂದು ಪ್ಯಾಕು ಕೊಡಕ್ಕಾ" ಎನ್ನುತ್ತಾನೆ ಯೋತಾಮು, ತಲೆ ಎತ್ತದೆ.

ಫೈನೆಸಿ ಕಟ್ಟಿಟ್ಟಿದ್ದರಲ್ಲಿ ಒಳ್ಳೆಯದೊಂದನ್ನು ಆರಿಸಿ ಕೈಯಲ್ಲಿ ಹಿಡಿಯುತ್ತಾರೆ. "ಹೇಳು ತಮ್ಮಾ."

"ಬೀಳಿಸಲ್ಲ. ನೀರು ತಾಕಿಸಲ್ಲ." ಅಷ್ಟು ಹೇಳಿ ಅವನು ಕೈ ಚಾಚುತ್ತಾನೆ.

"ಇನ್ನೊಂದಿದೆ."

"ಅದು ನಂಗ್ಯಾಕಕ್ಕಾ? ಎಲ್ಲರಿಗೂ ಗೊತ್ತಿರೋದೇ ಅಲ್ವಾ."

"ಗೊತ್ತಿದ್ರೆ ಹೇಳು."

ಜೊತೆಯವರಿಬ್ಬರೂ ಅವನ ಮುಖ ನೋಡುತ್ತಾರೆ. ಯೋತಾಮು ಚಾಚಿದ ಕೈ ಹಿಂದೆಗೆದುಕೊಳ್ಳುತ್ತಾನೆ. ಸೈಕಲ್ಲು ತಿರುಗಿಸಿಕೊಂಡು ಹೊರಟೇ ಬಿಡುತ್ತಾನೆ. "ಕೊಟ್ಟಿದ್ರೆ ಏನಕ್ಕಾ ಗಂಟು ಹೋಗ್ತಿತ್ತು? ಮೊದಲೇ ನೊಂದೋನು" ಎಂದು ಜೊತೆಯವನು ಗೊಣಗುತ್ತಾನೆ. ತಮ್ಮ ಪ್ಯಾಕುಗಳನ್ನು ತೆಗೆದುಕೊಂಡು ಅವರೂ ಹೋಗುತ್ತಾರೆ. ಗಿರಣಿ ಗುಡುಗತೊಡಗುತ್ತದೆ.

ಹೆಸರು ಮರಳಿ ಬರಲೆಂಬ ಆಸೆಯೇ ಎಂದು ಕೇಳಿದರೆ ಫೈನೆಸಿ ಕೈಬೀಸಿ ತಳ್ಳಿಹಾಕುತ್ತಾರೆ.

"ಹೆಸರು ತಗೊಂಡು ಏನ್ಮಾಡ್ಲಿ? ಬರ್ಕೊಳ್ಳಿ, ನಿಮ್ಮ ಭಾಷೆ ಇಲ್ಲಿ ಯಾರೂ ಓದಲ್ಲ. ಅವನು ಊರ ಮುಂದೆ ಒಪ್ಕೊಳ್ಳೋದೂ ಬೇಡ. ಯಾರೂ ಇಲ್ಲದಾಗ ಬರಲಿ, ನನ್ನ ಕಿವಿಯಲ್ಲಿ ಆ ಮೂರನೇ ಮಾತು ಹೇಳಲಿ, ಈ ಪ್ಯಾಕನ್ನ ಪುಕ್ಕಟೆ ಕೊಟ್ಬಿಡ್ತೀನಿ. ಹೇಳದೆ ಮಾತ್ರ ಕೊಡಲ್ಲ. ತಿವೊಂಗೆಗೆ ಉಳಿದಿರೋದು ಒಂದೇ ಕಣ್ಣು."