ಕ್ಯಾಪ್ಟನ್ ವಾಪಸ್ ಹೋದ ಸಿನಿಮಾ

ಚಿತ್ರದುರ್ಗದ ಥಿಯೇಟರಿನಲ್ಲಿ ಹೊಸ ಭಾಗ ಶುರುವಾದ ಸ್ವಲ್ಪ ಹೊತ್ತಿಗೇ ನನಗೆ ಸಿಟ್ಟು ಬಂತು. ಬಾಹ್ಯಾಕಾಶದಲ್ಲಿ ಅಲೆಯುವ ಒಂದು ಲಟಾರಿ ನೌಕೆ, ಅದರ ಕ್ಯಾಪ್ಟನ್, ಅವನ ನಾಲ್ಕೈದು ಸಂಗಡಿಗರು. ಈ ಸರಣಿಯ ಮೊದಲ ಸಿನಿಮಾ ನೋಡಿದಾಗ ನನಗೆ ಆರು ವರ್ಷ. ಈಗ ಐವತ್ತು ದಾಟಿದೆ, ಹಿರಿಯೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಆದರೂ ಹೊಸ ಭಾಗ ಬರುತ್ತದೆಂದು ತಿಳಿದಾಗಿನಿಂದ ಮಗಳ ತಲೆ ತಿಂದು, ಮೊದಲ ದಿನದ ಆಟಕ್ಕೇ ಟಿಕೆಟ್ ತೆಗೆಸಿದ್ದೆ.

ಸಿನಿಮಾದ ತುಂಬ ಬರೀ ಹೊಳಪು. ಹಿಂದಿನ ನೌಕೆ ನಮ್ಮ ರಾಮಗಿರಿ ಬಸ್ಸಿನ ಹಾಗೆ ಗಡಗಡ ಅಲುಗುತ್ತಿತ್ತು, ಅದರ ಬಾಗಿಲು ಮುಚ್ಚಬೇಕಾದರೆ ಯಾರಾದರೂ ಒದೆಯಬೇಕಿತ್ತು. ಈಗ ಅದು ಒಡವೆ ಅಂಗಡಿಯ ಗಾಜಿನ ಪೆಟ್ಟಿಗೆಯಂತಿತ್ತು. ಮುದುಕನಾಗಿರಬೇಕಿದ್ದ ಕ್ಯಾಪ್ಟನ್ನಿನ ಮುಖವನ್ನು ಕಂಪ್ಯೂಟರಿನಲ್ಲಿ ತೀಡಿ, ಒಂದು ಸುಕ್ಕೂ ಇಲ್ಲದಂತೆ ಮಾಡಿದ್ದರು. ಮೊದಲ ಸಿನಿಮಾದಲ್ಲಿ ಯಾರೂ ಮಾತಾಡದೆ ಕಿಟಕಿಯಾಚೆ ನೋಡುತ್ತ ಕೂರುವ ಹೊತ್ತುಗಳಿದ್ದವು; ಇದರಲ್ಲಿ ಉಸಿರಾಡಲೂ ಬಿಡದಂತೆ ಏನಾದರೊಂದು ಸಿಡಿಯುತ್ತಲೇ ಇತ್ತು. ಇದನ್ನೆಲ್ಲ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಸಹಿಸಲಾಗದ್ದು ಆ ಸಂಗಡಿಗರಲ್ಲೊಬ್ಬನಾದ ಕುಂಟ ಮೆಕ್ಯಾನಿಕ್‌ಗೆ ಮಾಡಿದ ಅನ್ಯಾಯ.

ಅವನನ್ನು ಖಳನಾಯಕನನ್ನಾಗಿ ಮಾಡಿದ್ದರು. ಹಿಂದೆ ಒಂದು ಹಿಮದ ಚಂದ್ರನ ಮೇಲೆ ಕ್ಯಾಪ್ಟನ್ ಅವನನ್ನು ಬಿಟ್ಟು ಹೋಗಿದ್ದನಂತೆ. ಅಷ್ಟೂ ವರ್ಷ ಅಲ್ಲೇ ಒಬ್ಬನೇ ನವೆದು, ಈಗ ಸೇಡು ತೀರಿಸಿಕೊಳ್ಳಲು ಬಂದಿದ್ದಾನೆ.

“ಸುಳ್ಳು” ಎಂದೆ. ತುಸು ಜೋರಾಗಿಯೇ ಅಂದಿರಬೇಕು, ಮುಂದಿನ ಸಾಲಿನವರು ತಿರುಗಿ ನೋಡಿದರು.

ಆಟ ಬಿಟ್ಟ ಮೇಲೆ ಖಾರ ಮಂಡಕ್ಕಿ ತಿನ್ನಲು ಕೂತಾಗಲೂ ನನ್ನ ಸಿಟ್ಟು ಇಳಿದಿರಲಿಲ್ಲ. “ಇವ್ರಿಗೆ ಹಳೇ ಕತೇನೇ ಗೊತ್ತಿಲ್ಲ. ಕ್ಯಾಪ್ಟನ್ ವಾಪಸ್ ಹೋಗಿ ಅವನನ್ನ ಕರ್ಕಂಡು ಬಂದಿದ್ದ” ಎಂದೆ.

ಮಗಳು ಮೆಣಸಿನಕಾಯಿ ಬಜ್ಜಿ ಮುರಿಯುತ್ತ, “ಯಾವ ಸಿನಿಮಾದಾಗೆ?” ಎಂದಳು.

“ಮೊದಲನೇದ್ರಾಗೆ.”

“ಅಪ್ಪಾ, ಅದನ್ನ ಮೊನ್ನೆ ತಾನೇ ಫೋನಲ್ಲಿ ನೋಡೀನಿ. ಬಿಟ್ಟೇ ಹೋಗ್ತಾನೆ. ಮುಗಿಯೋದೇ ಹಂಗೆ.”

“ನೀನು ಸರಿಯಾಗಿ ನೋಡಿಲ್ಲ ಬಿಡು.”

“ಹೌದಾ ಮೇಷ್ಟ್ರೇ? ಆಧಾರ ಏನೈತೆ?”

ಅದು ನಾನು ತರಗತಿಯಲ್ಲಿ ದಿನಾ ಕೇಳುವ ಪ್ರಶ್ನೆ. ಮಕ್ಕಳನ್ನು ಚಂದ್ರವಳ್ಳಿಗೆ ಕರೆದುಕೊಂಡು ಹೋದಾಗಲೂ ಅಷ್ಟೇ. ಅಲ್ಲಿನ ಗುಹೆಗಳ ಬಗ್ಗೆ ಊರವರು ಹೇಳುವ ಕಥೆ ಒಂದನ್ನೂ ನಂಬಬೇಡಿ, ಕಲ್ಲು ಏನು ಹೇಳುತ್ತದೆ ನೋಡಿ ಎನ್ನುತ್ತೇನೆ. ಈಗ ನನ್ನ ಬಳಿಯಿದ್ದ ಆಧಾರ ಬರೀ ನೆನಪು. ನಡುವಿನ ಭಾಗಗಳನ್ನೆಲ್ಲ ಎರಡೆರಡು ಸಲ ನೋಡಿದ್ದೆ, ಮೊದಲನೆಯದನ್ನು ಮಾತ್ರ ಮತ್ತೆ ನೋಡಿರಲಿಲ್ಲ. ಪೂರಾ ನೆನಪಿರುವುದನ್ನು ನೋಡುವುದೇನು ಎಂದುಕೊಂಡಿದ್ದೆ. ಆಮೇಲಿನ ಭಾಗಗಳಲ್ಲಿ ಮೆಕ್ಯಾನಿಕ್ ಕಾಣಿಸದಿದ್ದಾಗ, ಪಾಪ, ಆ ನಟ ಸಿಕ್ಕಿರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಮಾರನೆಯ ದಿನ ಮಗಳ ಫೋನಿನಲ್ಲಿ ಅದನ್ನು ಕೊನೆಯವರೆಗೆ ನೋಡಿದೆ. ಹಿಮದ ಬಿರುಗಾಳಿ. ಮೆಕ್ಯಾನಿಕ್‌ನ ಕಾಲು ಬಂಡೆಯ ಕೆಳಗೆ ಸಿಕ್ಕಿಕೊಳ್ಳುತ್ತದೆ. ಕ್ಯಾಪ್ಟನ್ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಬಾಗಿಲು ಎಳೆದುಕೊಳ್ಳುತ್ತಾನೆ. ನೌಕೆ ಮೇಲೇರಿದಂತೆ ಕೆಳಗೆ ಉಳಿದವನ ಕೈದೀಪ ಚುಕ್ಕಿಯಾಗುತ್ತದೆ. ಅಷ್ಟೇ. ಮಗಳು ಹೇಳಿದ್ದೇ ಸರಿ.

ಆದರೆ ನನ್ನ ನೆನಪಿನಲ್ಲಿ ಇನ್ನೊಂದು ದೃಶ್ಯವಿತ್ತು, ಈಗಲೂ ಇದೆ. ನೌಕೆ ಮೇಲೇರಿದ ಮೇಲೆ ಕ್ಯಾಪ್ಟನ್ ತನ್ನವರನ್ನು ಒಬ್ಬೊಬ್ಬರನ್ನಾಗಿ ಬೆರಳಲ್ಲಿ ಎಣಿಸುತ್ತಾನೆ. ತಡೆದು ನಿಲ್ಲುತ್ತಾನೆ. “ಒಂದು ಕಮ್ಮಿ ಐತೆ” ಎನ್ನುತ್ತಾನೆ. ನೌಕೆಯನ್ನು ತಿರುಗಿಸುತ್ತಾನೆ.

ಒಂದು ಕಮ್ಮಿ ಐತೆ. ಇಂಗ್ಲಿಷ್ ಸಿನಿಮಾದ ಕ್ಯಾಪ್ಟನ್ ನಮ್ಮ ಹೊಳಲ್ಕೆರೆ ಸೀಮೆಯ ಮಾತಾಡುವುದು ಹೇಗೆ? ಎಲ್ಲರನ್ನೂ ಆಧಾರ ಕೇಳುವ ನನಗೆ ಇಷ್ಟು ವರ್ಷ ಅದು ಹೊಳೆದೇ ಇರಲಿಲ್ಲ. ಫೋನ್ ಹಿಡಿದು ಕೂತಿದ್ದಾಗ ಹೊಳೆಯಿತು: ಆ ದನಿ ಅಪ್ಪನದು.

ನನ್ನನ್ನೂ ಅಕ್ಕನನ್ನೂ ಆ ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದವನು ಅಪ್ಪ. ರಾಮಗಿರಿಯ ಹತ್ತಿರದ ನಮ್ಮೂರಿನಿಂದ ಉಣ್ಣೆ ಮಾರಲು ಚಿತ್ರದುರ್ಗಕ್ಕೆ ಬಂದವನು, ಮಕ್ಕಳು ಕೇಳಿದರೆಂದು ಮಧ್ಯಾಹ್ನದ ಆಟಕ್ಕೆ ಕೂರಿಸಿದ್ದ. ಮುಂದಿನ ವರ್ಷ ಅವನು ತೀರಿಕೊಂಡ. ಅವನದು ಒಂದು ಮಾಸಿದ ಫೋಟೋ ಇದೆ, ದನಿ ಮಾತ್ರ ಎಲ್ಲೂ ಇಲ್ಲ. ಇದ್ದರೆ ಈ ಒಂದೇ ಸಾಲಿನಲ್ಲಿ ಇರಬೇಕು.

ಯೋಚಿಸಿದಂತೆ ಎಲ್ಲ ಹೊಂದಿಕೊಳ್ಳತೊಡಗಿತು. ನಮ್ಮೂರಿಗೆ ಸಂಜೆ ಒಂದೇ ಬಸ್ಸು. ಮಧ್ಯಾಹ್ನದ ಆಟಕ್ಕೆ ಬಂದ ಹಳ್ಳಿಯವರೆಲ್ಲ ಕೊನೆಯ ಫೈಟಿಗೆ ಮುಂಚೆಯೇ ಚಪ್ಪಲಿ ಹುಡುಕಿಕೊಂಡು ಏಳುತ್ತಿದ್ದರು. ನಾವೂ ಎದ್ದಿರಬೇಕು. ನೋಡದೆ ಬಿಟ್ಟ ಕೊನೆಯನ್ನು ಅಪ್ಪ ಬಸ್ಸಿನಲ್ಲಿ ತಾನೇ ಕಟ್ಟಿ ಹೇಳಿರಬೇಕು. ಅಪ್ಪನಂಥ ಕುರಿ ಕಾಯುವವನಲ್ಲದೆ ಇನ್ನಾರು ಮನುಷ್ಯರನ್ನು ಹಾಗೆ ‘ಒಂದು’ ಎಂದು ಎಣಿಸಿಯಾರು? ನನಗೆ ಬಹಳ ಸಂತೋಷವಾಯಿತು. ಸಂತೋಷವಾದದ್ದರಿಂದಲೇ ಅನುಮಾನವೂ ಬಂತು. ಭಾನುವಾರ ಬಸ್ಸು ಹತ್ತಿ ಹೊಸದುರ್ಗದ ಅಕ್ಕನ ಮನೆಗೆ ಹೋದೆ. ಸಿನಿಮಾ ನೋಡಿದಾಗ ಅವಳಿಗೆ ಹನ್ನೆರಡು ವರ್ಷ. ಬೇರೆ ಸಾಕ್ಷಿ ಇರಲಿಲ್ಲ.

ಅಕ್ಕ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. “ಏನಪ್ಪ, ಮೇಷ್ಟ್ರು ಹೇಳ್ದೆ ಕೇಳ್ದೆ ಬಂದ್ಬಿಟ್ರಿ? ಕುಂತ್ಕಳ್ರಿ” ಎಂದು ಅಣಕಿಸಿದಳು. ನಾನು ಬಂದ ಕಾರಣ ಹೇಳಿದ್ದಕ್ಕೆ ಇನ್ನೂ ಜೋರಾಗಿ ನಕ್ಕಳು.

“ಪಿಚ್ಚರ್ ಕೇಳಾಕೆ ಹಿರಿಯೂರಿಂದ ಬಂದ್ಯೇನಲೇ? ಅದನ್ನ ಕಡೀಗಂಟ ಎಲ್ಲಿ ನೋಡಿದ್ವಿ? ಬಸ್ ತಪ್ಪಿದ್ರೆ ದುರ್ಗದಾಗೇ ಬೀಳ್ಬೇಕು ಅಂತ, ಕುಂಟನ ಕಾಲು ಬಂಡೆಗೆ ಸಿಕ್ಕಂಡಾಗ್ಲೇ ಅಪ್ಪ ಎಬ್ಬಿಸ್ಕಂಡು ಬಂದ.”

ನನ್ನ ಎದೆ ಹಗುರಾಯಿತು. “ಆಮೇಲೆ ಬಸ್ಸಲ್ಲಿ ಮುಂದಿನ ಕತೆ ಹೇಳ್ದ, ಅಲ್ವಾ?”

“ಯಾರು, ಅಪ್ಪನಾ?” ಅಕ್ಕನ ಕೈ ನಿಂತಿತು. “ಅವನೆಲ್ಲಿ ಹೇಳ್ತಾನೆ! ರಾತ್ರಿಯೆಲ್ಲ ಹೊಲದಾಗೆ ಮಂದೆ ಕಾದು ಬಂದೋನು. ಬಸ್ ಹತ್ತಿದ್ದೇ ಗೊರಕೆ. ಹೇಳ್ದೋಳು ನಾನು. ಕುಂಟ ಅಲ್ಲೇ ಸತ್ತೋಗ್ತಾನೆ ಅಂತ ನೀನು ಬಾಯಿ ಬಿಟ್ಕಂಡು ಅಳ್ತಿದ್ದೆ, ಕಂಡಕ್ಟರ್ ಬೈತಿದ್ದ. ಏನ್ ಮಾಡ್ಲಿ?”

“ಒಂದು ಕಮ್ಮಿ ಐತೆ ಅಂತ...”

“ಮನೇಲಿ ದಿನಾ ಮರಿ ಎಣಿಸ್ತಿದ್ದೋಳು ನಾನಲ್ಲೇನು? ಬಾಯಿಗೆ ಬಂದಿದ್ದು ಹೇಳ್ದೆ.”

ಅಪ್ಪನೇ ಎಂದು ನಾನು ಕಟ್ಟಿದ ವಾದ ಒಂದಕ್ಷರ ಬದಲಿಸದೆ ಅಕ್ಕನಿಗೂ ಹೊಂದುತ್ತಿತ್ತು. ಹನ್ನೆರಡು ವರ್ಷದ ಹುಡುಗಿಯ ದನಿಯನ್ನು ನಾನು ಯಾವಾಗ ಗಂಡಸಿನ ದನಿ ಮಾಡಿಕೊಂಡೆನೋ ತಿಳಿಯದು.

“ಯಾಕಲೇ ಮುಖ ಹಿಂಗ್ ಮಾಡ್ಕಂಡೆ?”

“ಅದು ಅಪ್ಪನ ದನಿ ಅಂದ್ಕಂಡಿದ್ದೆ ಅಕ್ಕ. ಬೇರೆ ಯಾವ್ದೂ ನೆನಪಿಲ್ಲ ನಂಗೆ.”

ಅಕ್ಕ ಇನ್ನೊಂದು ಹುಣಸೆಹಣ್ಣು ಬಿಡಿಸಿ ಬೀಜ ತೆಗೆದಳು. ಆಮೇಲೆ ತಲೆಯೆತ್ತದೆ ಹೇಳಿದಳು. “ಬಸ್ಸಲ್ಲಿ ನೀನು ನಮ್ಮಿಬ್ರ ಮಧ್ಯ ಕುಂತಿದ್ದೆ. ಕತೆ ಮುಗಿಯೋ ಹೊತ್ತಿಗೆ ಅಪ್ಪನ ತಲೆ ತೂಗಿ ತೂಗಿ ನಿನ್ನ ನೆತ್ತಿ ಮೇಲೆ ಬಂದು ಕುಂತ್ಕಂತು. ಇತ್ಲಾಗೆ ಸರಿಯಲೇ ಅಂದ್ರೆ ಸರೀಲಿಲ್ಲ ನೀನು. ‘ಸುಮ್ಕಿರಕ್ಕ, ಎದ್ಬಿಡ್ತಾನೆ’ ಅಂದೆ. ಹೊಳಲ್ಕೆರೆ ದಾಟೋಗಂಟ ಕತ್ತು ಬಗ್ಗಿಸ್ಕಂಡು ಹಂಗೇ ಕುಂತಿದ್ದೆ. ಅಳಾದು ಮರ್ತೇ ಹೋಗಿತ್ತು.”

ಕಣ್ಣು ಮುಚ್ಚಿ ಹುಡುಕಿದೆ. ಬಸ್ಸು ಸಿಕ್ಕಿತು, ಕಿಟಕಿಯ ಕಂಬಿ ಸಿಕ್ಕಿತು. ಅಪ್ಪನ ತಲೆ ಸಿಗಲಿಲ್ಲ. ನನ್ನ ವಿದ್ಯಾರ್ಥಿ ಯಾರಾದರೂ ಇಂಥದನ್ನು ತಂದಿದ್ದರೆ, ಒಬ್ಬಳೇ ಸಾಕ್ಷಿ, ಅದೂ ಪ್ರೀತಿಯ ಸಾಕ್ಷಿ, ಇಷ್ಟು ವರ್ಷದ ಮೇಲೆ ಹೇಳಿದ್ದು, ಒಪ್ಪಬೇಡ ಎನ್ನುತ್ತಿದ್ದೆ. ಅಳುವ ತಮ್ಮನಿಗೆ ಅಂದು ಕಥೆ ಕಟ್ಟಿದವಳು ಇಂದೂ ಕಟ್ಟಿರಬಹುದು. ‘ನಿಜವಾ ಅಕ್ಕ?’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಬಾಯಿಂದ ಹೊರಟದ್ದು ಬೇರೆ.

“ತಲೆ ಭಾರ ಇತ್ತಾ, ಅಪ್ಪನದು?”

“ನಂಗೇನ್ ಗೊತ್ತಲೇ?” ಎಂದಳು ಅಕ್ಕ. “ಹೊತ್ಕಂಡು ಕುಂತಿದ್ದೋನು ನೀನು.”