ಬಣ್ಣ ಹಚ್ಚಿದ ತೊಲೆ

ಹಸೀನಾಬಿ, ನಿಮ್ಮ ಮೊಮ್ಮಗನ ತೊಟ್ಟಿಲಿನಿಂದ ಆ ತೊಲೆ ಮುರಿಯಲಿಲ್ಲ. ಅದು ಮೊದಲೇ ಹುಳ ತಿಂದು ಟೊಳ್ಳಾಗಿತ್ತು. ನನಗೆ ಗೊತ್ತಿತ್ತು — ನೀವು ಬಾಡಿಗೆಗೆ ಬರುವ ಮೊದಲೇ ಗೊತ್ತಿತ್ತು.

ಆರು ವರ್ಷ ಈ ಮಾತನ್ನು ನುಂಗಿಕೊಂಡು ಕೂತಿದ್ದೆ.

ರಾಮದುರ್ಗದ ಆ ಹಳೆಯ ಮಣ್ಣಿನ ಮಾಳಿಗೆ ಮನೆಯನ್ನು ನಾನು ಕೊಂಡದ್ದು ಬಾಡಿಗೆಗೆ ಕೊಡಲೆಂದೇ. ಶಾಲೆಯಲ್ಲಿ ಕಲಿಸುವ ಒಬ್ಬಂಟಿ ಅಕ್ಕಾರು ನಾನು — ಮುಂದೆ ನನ್ನನ್ನು ನೋಡಿಕೊಳ್ಳುವವರು ಯಾರಿದ್ದಾರೆ, ಮನೆಯೊಂದಾದರೂ ತಿಂಗಳಿಗಿಷ್ಟು ತಂದು ಹಾಕಲಿ ಎಂದುಕೊಂಡಿದ್ದೆ. ಬ್ಯಾಂಕಿನ ಸಾಲವೆಲ್ಲ ಖರೀದಿಗೇ ಸರಿಹೋಯಿತು. ರಿಪೇರಿಗೆಂದು ಬೇರೆ ಎತ್ತಿಡಬೇಕು ಎಂಬ ಬುದ್ಧಿ — ಎಲ್ಲಿತ್ತು? ಮನೆ ನನ್ನ ಹೆಸರಿಗಾದ ಮೇಲೆ ಬಡಿಗೇರನನ್ನು ಕರೆಸಿದೆ. ಅವನು ನಡುಮನೆಯ ತೊಲೆಗೆ ಸುತ್ತಿಗೆಯಿಂದ ಎರಡು ಸಲ ತಟ್ಟಿ ಕೆಳಗಿಳಿದ.

"ಅಕ್ಕಾರ, ಇದು ಒಳಗ ಪೂರಾ ಟೊಳ್ಳ ಆಗೇತ್ರಿ. ಕಬ್ಬಿಣದ ತೊಲಿ ಹಾಕಸ್ರಿ. ಅಲ್ಲೀತನಾ ಯಾರಿಗೂ ಬಾಡಿಗಿ ಕೊಡಬ್ಯಾಡ್ರಿ."

ಹಾಕಿಸಬೇಕಿತ್ತು. ಕೈಯ ಬಳೆ ಒತ್ತೆ ಇಡಬಹುದಿತ್ತು, ನಾಲ್ಕು ತಿಂಗಳು ಮನೆಯನ್ನು ಖಾಲಿ ಬಿಡಬಹುದಿತ್ತು. ಆದರೆ ಮುಂದಿನ ತಿಂಗಳೇ ಕಂತು ಶುರುವಾಗುವುದಿತ್ತು. ತೂತುಗಳಿಗೆ ಪುಟ್ಟಿ ತುಂಬಿಸಿ, ಮೇಲೆ ಕಂದು ಬಣ್ಣ ಹೊಡೆಸಿದೆ. ಎಷ್ಟು ಚೆಂದ ಕಂಡಿತು! ಮನೆ ನೋಡಲು ಬಂದ ನೀವು ತಲೆಯೆತ್ತಿ, "ತೊಲಿ ಭಾಳ ಗಟ್ಟಿ ಅದಾವಲ್ರಿ ಅಕ್ಕಾರ" ಎಂದಿರಿ. ನಾನು ನಕ್ಕೆ. ಆ ನಗು ನೆನಪಾದರೆ ಈಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಬಾಡಿಗೆ ಹಣ ಇಸಿದುಕೊಳ್ಳಲು ನಾನು ಬಂದಾಗಲೆಲ್ಲ ಹೊಲಿಯುತ್ತಿದ್ದ ಕೌದಿಯನ್ನು ಬದಿಗಿಟ್ಟು ನೀವು ಮೊದಲು ಕೇಳುತ್ತಿದ್ದದ್ದು — "ಊಟಾ ಆತೇನ್ರಿ ಅಕ್ಕಾರ?" ಇಡೀ ಊರಲ್ಲಿ ಬೇರೆ ಯಾರು ಕೇಳುತ್ತಿದ್ದರು ನನಗೆ ಅದನ್ನು?

ನಿಮ್ಮ ಮಗಳು ಶಬಾನಾ ಬಾಣಂತನಕ್ಕೆ ಬಂದಳು. ಕೂಸಿಗೆ ಹೆಸರಿಡುವ ದಿನ ನನ್ನನ್ನೂ ಕರೆದಿರಿ. ಒಳಗೆ ಕಾಲಿಟ್ಟರೆ — ಅದೇ ತೊಲೆಗೆ ಹಗ್ಗ ಬಿಗಿದು ತೊಟ್ಟಿಲು ಕಟ್ಟಿದ್ದಿರಿ. ಹೇಳಿಬಿಡಬೇಕು ಎನಿಸಿತು. ಹೇಳಿದರೆ ಬಣ್ಣದ ಸಂಗತಿ ಹೊರಬೀಳುತ್ತದೆ, ನೀವು ಮನೆ ಬಿಡುತ್ತೀರಿ, ಆಮೇಲೆ ಕಂತು... ಪಾಯಸ ಕುಡಿದು, ಕೂಸಿನ ಮುಷ್ಟಿಯಲ್ಲಿ ಒಂದು ನೋಟು ಇಟ್ಟು ಎದ್ದು ಬಂದೆ.

ಹದಿನೈದು ದಿನವೂ ಆಗಿರಲಿಲ್ಲ. ಶಬಾನಾ ಕೂಸಿಗೆ ಸೂಜಿ ಹಾಕಿಸಲು ದವಾಖಾನೆಗೆ ಹೋಗಿದ್ದಳು, ನೀವು ಹೊರಗೆ ನಳದ ಹತ್ತಿರ ಇದ್ದಿರಿ. ತೊಲೆ ಮುರಿದು ಮಾಳಿಗೆಯ ಮಣ್ಣೆಲ್ಲ ಖಾಲಿ ತೊಟ್ಟಿಲ ಮೇಲೆ ಬಿತ್ತು. ನಾನು ಓಡಿಬಂದಾಗ ಓಣಿಯ ಮಂದಿಯೆಲ್ಲ ನೆರೆದಿದ್ದರು. ತೊಲೆ ಮಣ್ಣಿನಡಿ ಹೂತಿತ್ತು, ಅದರ ಒಳಗನ್ನು ಯಾರೂ ನೋಡಲಿಲ್ಲ. ನೀವು ನನ್ನ ಎರಡೂ ಕೈ ಹಿಡಿದುಕೊಂಡಿರಿ.

"ತೊಟ್ಟಿಲಾ ಕಟ್ಟಿ ನಿಮ್ಮ ಮನಿ ಕೆಡವಿಬಿಟ್ನೆಲ್ರಿ ಅಕ್ಕಾರ. ಕೂಸಿನ ಜೀವಾನೂ ತಗೀತಿದ್ನಿ. ಮಾಫ್ ಮಾಡ್ರಿ."

ಆಗಲಾದರೂ ಹೇಳಬೇಕಿತ್ತು. ನಾನು ಹೇಳಿದ್ದು — "ಇರ್ಲಿ ಬಿಡ್ರಿ."

ಅಯ್ಯೋ, ನಿಮ್ಮನ್ನು ಕ್ಷಮಿಸಿಬಿಟ್ಟೆನಲ್ಲ ನಾನು! ಅಕ್ಕಾರ ಮನಸ್ಸು ದೊಡ್ಡದು ಎಂದು ಓಣಿಯವರು ಹೊಗಳಿದರು. ನೀವು ಸವದತ್ತಿಯಲ್ಲಿ ತಮ್ಮನ ಮನೆ ಸೇರಿದಿರಿ. ಬಿದ್ದ ಮನೆಗೆ ಬೀಗ ಹಾಕಿ ನಾನೊಬ್ಬಳೇ ಉಳಿದೆ. ಊಟವಾಯಿತೇ ಎಂದು ಆಮೇಲೆ ಯಾರೂ ಕೇಳಿಲ್ಲ.

ಹೋದ ವಾರ ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲಿ ಶಬಾನಾ ಸಿಕ್ಕಳು. ನಿಮ್ಮನ್ನು ಕಂಡು ಮಾತಾಡಿಸಿ, ಮಗನ ಕೈ ಹಿಡಿದು ಗಂಡನ ಊರು ಕಟಕೋಳಕ್ಕೆ ಹೊರಟಿದ್ದಳು. ಅಮ್ಮ ಹೇಗಿದ್ದಾರೆ ಎಂದೆ.

"ಅದಾಳ್ರಿ. ಆದ್ರ ಇವನ್ನ ಅವತ್ತಿನಿಂದ ಒಂದ ದಿನಾನೂ ಎತ್ಕೊಂಡಿಲ್ರಿ. ಇಂವಾ ಹತ್ರ ಹೋದ್ರ ಹಿಂದ ಸರೀತಾಳ. ನನ್ನ ಕೈ ಚಲೋ ಅಲ್ಲ ಅಂತಾಳ್ರಿ ಅಕ್ಕಾರ."

ಬಸ್ಸಿನಲ್ಲಿ ಕೂತು ಅತ್ತೆ. ಇಷ್ಟು ವರ್ಷ ನಿಮ್ಮ ಮಡಿಲನ್ನು ಖಾಲಿ ಇಟ್ಟವಳು ನಾನು.

ನಿಮಗೆ ಓದಲು ಬರುವುದಿಲ್ಲ, ಹಸೀನಾಬಿ. ಅದಕ್ಕೇ ಇಷ್ಟೆಲ್ಲ ಬರೆಯುವ ಧೈರ್ಯ ಬಂದದ್ದು — ಇದೂ ನನ್ನ ಹೇಡಿತನವೇ. ನಾಳೆ ಮೊದಲ ಬಸ್ಸಿಗೆ ಬರುತ್ತೇನೆ. ಬೀಗ ತೆಗೆದು, ಮಣ್ಣಿನಡಿಯಿಂದ ಆ ತೊಲೆಯ ತುಂಡೊಂದನ್ನು ಎತ್ತಿಟ್ಟಿದ್ದೇನೆ, ಹೊರಗೆ ಬಣ್ಣ, ಒಳಗೆ ಬರೀ ಪುಡಿ. ಅದನ್ನು ನಿಮ್ಮ ಕೈಗೆ ಕೊಟ್ಟು, ಮನೆಮಂದಿಯೆಲ್ಲರ ಎದುರು ಬಾಯಿಬಿಟ್ಟು ಹೇಳುತ್ತೇನೆ. ಬೈಯಿರಿ, ಅಂಗಳದಿಂದಲೇ ಅಟ್ಟಿರಿ. ಮೊಮ್ಮಗ ಬಂದಾಗ ಎತ್ತಿಕೊಳ್ಳಿರಿ. ನನಗೆ ಮಾತ್ರ — ದಯವಿಟ್ಟು — "ಇರ್ಲಿ ಬಿಡ್ರಿ" ಎನ್ನಬೇಡಿರಿ.