ಒದ್ದೆ ಸೊಪ್ಪು

ಗೆಳೆಯನ ಅಣ್ಣ ಕುಡುಗೋಲು ಎತ್ತಿದ ಆ ಕೈ ಇಂದಿಗೂ ನನ್ನ ಕಣ್ಣ ಮುಂದಿದೆ. ಬಸ್ಸಿನಲ್ಲಿ ಯಾರಾದರೂ ಕಂಬಿ ಹಿಡಿಯಲು ಕೈ ಚಾಚಿದರೂ ಸಾಕು, ಕುತ್ತಿಗೆ ತಾನಾಗಿ ಒಳಕ್ಕೆ ಹೋಗುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಕೋಲಾರದಲ್ಲಿ ಬಿ.ಎಸ್ಸಿ. ಮುಗಿಸಿ ಕ್ಯಾಲನೂರಿನ ಪಕ್ಕದ ನಮ್ಮೂರಿಗೆ ಬಂದಿದ್ದೆ. ಎದುರುಮನೆಯ ಗೆಳೆಯ ಆ ವಾರ ತನ್ನ ತಾಯಿಗೆ ಹೇಳಿಬಿಟ್ಟಿದ್ದ: ಸೋದರಮಾವನ ಮಗಳನ್ನು ಮದುವೆಯಾಗುವುದಿಲ್ಲ, ತನ್ನ ಮನಸ್ಸು ಹೋಗುವುದು ಗಂಡಸರ ಕಡೆಗೇ ಎಂದು. ಮೂರನೇ ದಿನಕ್ಕೆ ಅವರ ರೇಷ್ಮೆಹುಳುಗಳು ಊದಿಕೊಂಡು, ಹಾಲಿನಂಥ ನೀರು ಸುರಿಸಿ ಸಾಯತೊಡಗಿದವು. ಇನ್ನೊಂದು ವಾರಕ್ಕೆ ಗೂಡು ಕಟ್ಟಬೇಕಾದ ಹುಳುಗಳು.

ಹುಳು ಸಾಕುವ ಕೋಣೆಗೆ ಕಾಲು ತೊಳೆಯದೆ ಯಾರೂ ಹೋಗುವಂತಿಲ್ಲ. ಮೈಲಿಗೆಯಾದವರಂತೂ ಹೊಸ್ತಿಲನ್ನೇ ದಾಟುವಂತಿಲ್ಲ.

"ನಿನ್ನ ಮೈಲಿಗೆಯಿಂದ್ಲೇ ಹೋಯ್ತು ಕಣೋ ಬೆಳೆ! ಆಚೆ ನಡೀಲಾ!" ಎಂದು ಅಣ್ಣ ಕೂಗಿದರು.

"ನಾನು ಯಾರನ್ನ ಇಷ್ಟಪಡ್ತೀನಂತ ಹುಳಕ್ಕೆ ಯಾರಣ್ಣಾ ಹೇಳಿದ್ದು? ನೀನಾ?" ಅಂದ ಗೆಳೆಯ.

ಹೊರಗೆ ನಿಂತವರಲ್ಲಿ ಯಾರೋ ನಕ್ಕರು. ಆ ನಗುವಿಗೇ ಕುಡುಗೋಲು ಮೇಲೆದ್ದಿತು.

ನನಗೆ ನಿಜ ಗೊತ್ತಿತ್ತು: ಒದ್ದೆ ಸೊಪ್ಪು ತಿಂದ ಹುಳುಗಳಿಗೆ ರೋಗ ಬರುತ್ತದೆ. ಹಿಂದಿನ ವಾರದ ಸೋನೆಯಲ್ಲಿ ಅಣ್ಣ ಹಿಪ್ಪುನೇರಳೆ ಸೊಪ್ಪನ್ನು ಆರಲು ಬಿಡದೆ ಒದ್ದೆಯಾಗಿಯೇ ಹುಳುಗಳಿಗೆ ಹಾಕಿದ್ದನ್ನು ನಾನೇ ನೋಡಿದ್ದೆ. ಆದರೆ ಗೆಳೆಯನ ಪರ ಮಾತಾಡಿದವನನ್ನು ಅವನಂಥವನೇ ಅನ್ನುತ್ತಾರೆ. ನಾನು ಅವನಂಥವನೇ ಆಗಿದ್ದೆ. ಕಾಲೇಜಿನ ಮೂರು ವರ್ಷವೂ ದನಿ ದಪ್ಪ ಮಾಡಿಕೊಂಡು, ನಡಿಗೆ ತಿದ್ದಿಕೊಂಡು, ಇಲ್ಲದ ಹುಡುಗಿಯ ಕಥೆ ಕಟ್ಟಿ ಬದುಕಿದ್ದೆ. ಮೈಲಿಗೆ ತೊಳೆಯುವವನಂತೆ ದಿನಕ್ಕೆರಡು ಸಲ ಸ್ನಾನ ಮಾಡುತ್ತಿದ್ದೆ; ಏಕೆಂದು ಯಾರೂ ಕೇಳಿರಲಿಲ್ಲ.

"ಅಣ್ಣಾ, ನೀವು ಹಾಕಿದ ಸೊಪ್ಪು ಒದ್ದೆಯಿತ್ತು," ಅಂದೆ.

ಅವರು ನನ್ನತ್ತ ತಿರುಗಿದರು. "ನೀನ್ಯಾಕ್ಲಾ ಇವನ ಪರ? ನೀನೂ ಇವನಂಗೇನಾ?"

"ಹೂಂ. ನಾನೂ ಇವನಂಗೇ."

"ವದ್ದುರಾ! ಬೇಡ ಕಣೋ!" ಎಂದು ತೆಲುಗು ಬೆರೆಸಿ ಕೂಗುತ್ತ ಗೆಳೆಯನ ತಾಯಿ ಓಡಿಬಂದು ದೊಡ್ಡ ಮಗನ ತೋಳಿಗೆ ಜೋತುಬಿದ್ದರು. ಅಲಗು ನನ್ನ ಕಿವಿಯ ಪಕ್ಕ, ಹುಳುಕೋಣೆಯ ಬಾಗಿಲ ಚೌಕಟ್ಟಿಗೆ ಕಚ್ಚಿಕೊಂಡಿತು.

ತಾಯಿಯ ಮಾತಿನ ಮೇಲೆ ಮುಂದಿನ ಬೆಳೆಗೆ ಸೊಪ್ಪು ಕೊಯ್ದು ತಂದವರು ನಾನು, ಗೆಳೆಯ ಇಬ್ಬರೇ. ಹಸಿ ಆರುವವರೆಗೂ ನೆರಳಲ್ಲಿ ಹರಡಿ ಕಾದೆವು. ಅಣ್ಣ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಅವರಿಗೆ ಕಾಣುವ ಹಾಗೆಯೇ ಕಾಲು ತೊಳೆದುಕೊಂಡು, ಚೌಕಟ್ಟಿನ ಆ ಕಚ್ಚಿನ ಪಕ್ಕದಲ್ಲೇ ಹಾದು ಇಬ್ಬರೂ ಒಳಗೆ ಹೋದೆವು.